ಕೂದಲೆಳೆಯಷ್ಟು ಅಂತರ: ಎಂಜಿನ್ನಿನ ಸ್ಲೀವು, ಪಿಸ್ಟನ್ನುಗಳ ಆಯ್ಕೆ

ಬೆಳಗಾವಿಯ ಕೋಟೆಯನ್ನು ಬಿಟ್ಟು, ಊರನ್ನು ಹಾದು, ಟಿಳಕವಾಡಿಯನ್ನು ದಾಟಿ ಖಾನಾಪುರದ ರಸ್ತೆಯನ್ನು ಹಿಡಿದರೆ ಮೊದಲು ಸಿಕ್ಕುವುದು ಉದ್ಯಮಬಾಗ, ಅದರಾಚೆಗೆ ಮಚ್ಛೆ. ಇವೆರಡರಲ್ಲಿಯೂ ಎರಕದ ಕಾರ್ಖಾನೆಗಳು ಒತ್ತೊತ್ತಾಗಿ ನಿಂತಿವೆ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ಪಂಪಿನ ಕವಚ, ವಾಲ್ವಿನ ಒಡಲು, ವಾಹನಗಳ ನೂರಾರು ಬಿಡಿಭಾಗಗಳನ್ನು ಇಲ್ಲಿ ತಯಾರಿಸುತ್ತಾರೆ. ಎಂಜಿನ್ನಿನ ಸಿಲಿಂಡರ್ ಬ್ಲಾಕಿನಂತಹ ಜಟಿಲವಾದ ಎರಕವೂ ಬೆಳಗಾವಿಗೆ ಹೊಸದಲ್ಲ. ಅಶೋಕ್ ಐರನ್ ವರ್ಕ್ಸ್ ಆ ಕೆಲಸಕ್ಕೇ ಹೆಸರಾದ ಕಾರ್ಖಾನೆ.

ಈ ಊರಿಗೆ ಯಂತ್ರದ ನಂಟು ಹಳೆಯದು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯೊಂದನ್ನು ತೆರೆದರು. ಅಂಗಡಿ ಮುಂದೆ ಕಾರ್ಖಾನೆಯಾಯಿತು. ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ಅದರಿಂದ ಹೊರಬಂದವು. ಊರಿನ ಹೊಸ ಬಡಾವಣೆಗಾಗಿ ಜಾಗ ಬಿಡಬೇಕಾಗಿ ಬಂದು, 1910ರಲ್ಲಿ ಅವರು ಔಂಧ ಸಂಸ್ಥಾನದ ಕುಂಡಲ್ ರೋಡಿಗೆ ಹೋಗಿ ನೆಲಸಿದರು. ಆ ಮನೆತನದ ಎಣ್ಣೆ ಎಂಜಿನ್ನುಗಳ ಕಂಪನಿ ಪುಣೆಯಲ್ಲಿ ಸ್ಥಾಪನೆಯಾದುದು 1946ರಲ್ಲಿ. ಬಾವಿಯ ದಡದಲ್ಲಿ ಅಂತಹ ಡೀಸೆಲ್ ಎಂಜಿನ್ನನ್ನು ಕಂಡಿರುವ ರೈತರ ಮಕ್ಕಳಿಗೆ 'ಲೈನರ್ ಬದಲಾಯಿಸುವುದು' ಎಂಬ ಮಾತು ಅಪರಿಚಿತವಲ್ಲ. ಈ ಲೈನರಿಗೇ ಸ್ಲೀವು, ಎಂದರೆ ತೋಳು, ಎಂಬ ಇನ್ನೊಂದು ಹೆಸರುಂಟು.

ಈಚೆಗೆ ಈ ಮಾತನ್ನು ಬೇರೊಂದು ಸಂದರ್ಭದಲ್ಲಿ ಕೇಳುತ್ತಿದ್ದೇನೆ. ಹಳೆಯ ಮಾರುತಿ ಜಿಪ್ಸಿಯೊಂದನ್ನು ಕೊಂಡು, ಅದರ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಬೇಕೆಂಬ ಹುರುಪು ನಮ್ಮ ಕಾಲೇಜಿನ ತರುಣರಲ್ಲಿ ಕಾಣುತ್ತಿದೆ. 1985ರಿಂದ 2019ರವರೆಗೆ ತಯಾರಾದ ಈ ಗಾಡಿ ಸೈನ್ಯದಲ್ಲಿ ದುಡಿದಿದೆ. ಕೆ-1000 ಮೊದಲಾದ ರ‍್ಯಾಲಿಗಳಲ್ಲಿ ಓಡಿದೆ. "ಸರ್, ಫೋರ್ಜ್ಡ್ ಪಿಸ್ಟನ್ ಹಾಕಿಸಿ, ಹೊಸ ಸ್ಲೀವು ಕೂಡಿಸಿದರೆ ಎಂಜಿನ್ನು ಎಷ್ಟು ಹಿಂಡಿದರೂ ತಡೆಯುತ್ತದಲ್ಲವೆ?" ಎಂದು ಅವರು ಕೇಳುತ್ತಾರೆ. ತಡೆಯಲೂಬಹುದು, ಅನಮೋಡದ ಘಟ್ಟವನ್ನೇರುವಾಗ ಹಠಾತ್ತನೆ ಬಿಗಿದುಕೊಂಡು ನಿಲ್ಲಲೂಬಹುದು. ಎರಡರಲ್ಲಿ ಯಾವುದಾಗುವುದೆಂಬುದನ್ನು ನಿರ್ಣಯಿಸುವುದು ಪಿಸ್ಟನ್ನಿನ ಬೆಲೆಯಲ್ಲ. ಪಿಸ್ಟನ್ನಿಗೂ ಸ್ಲೀವಿಗೂ, ಸ್ಲೀವಿಗೂ ಬ್ಲಾಕಿಗೂ ನಡುವೆ ಇರುವ ಕೂದಲೆಳೆಯಷ್ಟು ಅಂತರ. ಆ ಅಂತರವನ್ನು ಪಿ.ಯು.ಸಿ. ತರಗತಿಯ ಗಣಿತದಿಂದಲೇ ಲೆಕ್ಕ ಹಾಕಬಹುದು.

ಮೊದಲು ಅಂಗಗಳ ಪರಿಚಯ. ಜಿಪ್ಸಿ ಕಿಂಗಿನ 1298 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಪ್ರತಿಯೊಂದರ ವ್ಯಾಸ, ಎಂದರೆ ಬೋರು, 74 ಮಿ.ಮೀ.; ಪಿಸ್ಟನ್ನಿನ ಓಟ 75.5 ಮಿ.ಮೀ. ಬ್ಲಾಕು ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ ಹಗುರವಾದರೂ ಮೆದು. ಪಿಸ್ಟನ್ನಿನ ಉಂಗುರಗಳು, ನಮ್ಮವರು ರಿಂಗ್ ಎನ್ನುವವು, ಅದನ್ನು ಬಹುಬೇಗ ಸವೆಸಿಬಿಡುತ್ತವೆ. ಆದುದರಿಂದ ಸಿಲಿಂಡರಿನ ಒಳಮೈಗೆ ಎರಕದ ಕಬ್ಬಿಣದ ಕೊಳವೆಯೊಂದನ್ನು ತೊಡಿಸಿರುತ್ತಾರೆ. ಇದೇ ಸ್ಲೀವು. ಕಬ್ಬಿಣದ ಎರಕದಲ್ಲಿ ಗ್ರಾಫೈಟು ಸಣ್ಣ ಸಣ್ಣ ಪದರಗಳಾಗಿ ಹರಡಿಕೊಂಡಿರುವುದರಿಂದ ಅದು ತಾನೇ ಜಾರಿಕೆಯ ಗುಣವನ್ನು ಪಡೆದು ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಿಸ್ಟನ್ನಾದರೋ ಅಲ್ಯೂಮಿನಿಯಂ ಮಿಶ್ರಲೋಹದ್ದು.

ಪಿಸ್ಟನ್ನಿಗೆ ಅಲ್ಯೂಮಿನಿಯಮ್ಮನ್ನು ಬಳಸಿದ ಕಥೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಡಬ್ಲ್ಯು. ಓ. ಬೆಂಟ್ಲಿ ಎಂಬಾತ ಫ್ರಾನ್ಸಿನ ಡಿ.ಎಫ್.ಪಿ. ಕಾರುಗಳನ್ನು ಮಾರುತ್ತಿದ್ದ. 1913ರಲ್ಲಿ ಆ ಕಂಪನಿಯ ಕಚೇರಿಗೆ ಹೋದಾಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಅಲ್ಯೂಮಿನಿಯಂ ಪಿಸ್ಟನ್ನಿನ ಗೊಂಬೆಯೊಂದು ಅವನ ಕಣ್ಣಿಗೆ ಬಿತ್ತು. ಶೇಕಡ 12 ತಾಮ್ರ, ಶೇಕಡ 88 ಅಲ್ಯೂಮಿನಿಯಂ ಬೆರೆಸಿ ನಿಜವಾದ ಪಿಸ್ಟನ್ನುಗಳನ್ನು ಮಾಡಿಸಿ ಓಟದ ಕಾರಿಗೆ ಹಾಕಿದ, ಗೆದ್ದ. ಮೊದಲನೆಯ ಮಹಾಯುದ್ಧದಲ್ಲಿ ಅವನು ರೂಪಿಸಿದ ವಿಮಾನದ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಸಿಲಿಂಡರು, ಅದರೊಳಗೆ ಕಬ್ಬಿಣದ ಸ್ಲೀವು, ಅದರೊಳಗೆ ಅಲ್ಯೂಮಿನಿಯಂ ಪಿಸ್ಟನ್ನು ಇದ್ದವು. ಇಂದಿನ ಜಿಪ್ಸಿಯ ಎಂಜಿನ್ನಿನ ಏರ್ಪಾಡೂ ಅದೇ. ಎರಡು ಅಲ್ಯೂಮಿನಿಯಮ್ಮುಗಳ ನಡುವೆ ಒಂದು ಕಬ್ಬಿಣ: ನಮ್ಮ ಎಲ್ಲ ತೊಂದರೆಯೂ ಇದರಿಂದಲೇ ಹುಟ್ಟುತ್ತದೆ.

ಪಿಸ್ಟನ್ನು ಹಗುರವಾಗಿರಬೇಕೇಕೆ? ನಿಮಿಷಕ್ಕೆ 6000 ಸುತ್ತುವ ಎಂಜಿನ್ನಿನಲ್ಲಿ ಪಿಸ್ಟನ್ನು ಸೆಕೆಂಡಿಗೆ 200 ಬಾರಿ ನಿಂತು ಹಿಂದಿರುಗಬೇಕು. ಓಟದ ಮೇಲಿನ ತುದಿಯಲ್ಲಿ ಅದರ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 2000 ಪಟ್ಟು. ಉಂಗುರ, ಪಿನ್ನುಗಳೂ ಸೇರಿ ಪಿಸ್ಟನ್ನಿನ ತೂಕ 350 ಗ್ರಾಂ ಎಂದಿಟ್ಟುಕೊಳ್ಳಿ. ಅದನ್ನು ತಡೆದು ಹಿಂದಕ್ಕೆಳೆಯಲು 690 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ವೇಗವನ್ನು 8000ಕ್ಕೆ ಏರಿಸಿದರೆ ಬಲ ವೇಗದ ವರ್ಗದಂತೆ ಹೆಚ್ಚಿ 1230 ಕಿಲೋಗ್ರಾಮಿಗೆ ಮುಟ್ಟುತ್ತದೆ. ಇದು ಎಳೆತ. ದಹನದ ವೇಳೆ ಅನಿಲದ ಒತ್ತಡ 60 ವಾಯುಮಂಡಲದಷ್ಟಿದ್ದರೆ ಅದೇ ಪಿಸ್ಟನ್ನಿನ ತಲೆಯ ಮೇಲೆ ಎರಡೂವರೆ ಟನ್ನಿಗೂ ಮೀರಿದ ಭಾರ ಬೀಳುತ್ತದೆ. ಎಳೆತ, ಒತ್ತಡ ಎರಡನ್ನೂ ಅದು ಬಿಸಿಯಲ್ಲಿ ಬೇಯುತ್ತ ಸಹಿಸಬೇಕು.

ಇಲ್ಲಿಯೇ ಫೋರ್ಜಿಂಗ್ ಎಂಬ ವಿಧಾನದ ಹಿರಿಮೆ. ಸಾಮಾನ್ಯ ಪಿಸ್ಟನ್ನನ್ನು ಎರಕ ಹೊಯ್ದು ಮಾಡುತ್ತಾರೆ. ದ್ರವಲೋಹ ತಣಿಯುವಾಗ ಅದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು ಉಳಿಯಬಹುದು. ಬಿರುಕು ಹೊರಡುವುದು ಅಂತಹ ಕಡೆಯಿಂದಲೇ. ಫೋರ್ಜ್ಡ್ ಪಿಸ್ಟನ್ನನ್ನಾದರೋ ಕರಗಿಸುವುದಿಲ್ಲ. ಲೋಹದ ಗಟ್ಟಿಯನ್ನು ಮೆದುವಾಗುವಷ್ಟು ಕಾಯಿಸಿ, ಅಚ್ಚಿನಲ್ಲಿಟ್ಟು, ಭಾರಿ ಪ್ರೆಸ್ಸಿನಿಂದ ಒತ್ತುತ್ತಾರೆ. ಕಮ್ಮಾರನು ಕುಡವನ್ನು ಬಡಿದು ಗಟ್ಟಿ ಮಾಡುವ ಹಾಗೆಯೇ ಇದು. ಲೋಹದ ಹರಳುಗಳು ಪಿಸ್ಟನ್ನಿನ ಆಕಾರವನ್ನನುಸರಿಸಿ ಹರಿದು ಒತ್ತಾಗುತ್ತವೆ, ರಂಧ್ರಗಳು ಮುಚ್ಚಿಹೋಗುತ್ತವೆ. ವಿಮಾನದ ಬಿಡಿಭಾಗಗಳಿಗಾಗಿ ಲೋಹವನ್ನು ಹೀಗೆ ಒತ್ತುವ ಕೆಲಸ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿಯೇ ನಡೆಯುತ್ತದೆ.

ಆದರೆ ಫೋರ್ಜ್ಡ್ ಎಂಬುದು ತಯಾರಿಕೆಯ ಹೆಸರೇ ಹೊರತು ಲೋಹದ ಹೆಸರಲ್ಲ. ಪೆಟ್ಟಿಗೆಯ ಮೇಲೆ ಆ ಪದವನ್ನು ನೋಡಿ ತೃಪ್ತರಾಗಕೂಡದು. ಯಾವ ಮಿಶ್ರಲೋಹ ಎಂದು ಕೇಳಬೇಕು. ಮುಖ್ಯವಾದವು ಎರಡು, ಅವುಗಳಿಗೆ ಹೆಸರಿಲ್ಲ, ಸಂಖ್ಯೆಗಳಿವೆ: 4032 ಮತ್ತು 2618. ಮೊದಲನೆಯದರಲ್ಲಿ ಶೇಕಡ 12ರಷ್ಟು ಸಿಲಿಕನ್ ಇದೆ. ಎರಡನೆಯದರಲ್ಲಿ ಸಿಲಿಕನ್ ನಾಮಮಾತ್ರಕ್ಕೆ, ಬದಲಾಗಿ ತಾಮ್ರ, ಮೆಗ್ನೀಸಿಯಂ, ನಿಕ್ಕಲ್, ಕಬ್ಬಿಣಗಳಿವೆ. ಶಬ್ದದ ಎರಡರಷ್ಟು ವೇಗದಿಂದ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಒಡಲನ್ನು ಮಾಡಿದ್ದು ಈ ಎರಡನೆಯ ಕುಲದ ಲೋಹದಿಂದಲೇ. ಕಾಯ್ದಾಗಲೂ ಬಲಗುಂದದಿರುವುದು ಅದರ ವಿಶೇಷ. ಸಿಲಿಕನ್ ಸೇರಿದ ಲೋಹ ಗಡಸು, ಹೆಚ್ಚು ಸವೆಯದು, ಕಡಮೆ ಹಿಗ್ಗುತ್ತದೆ. ಆದರೆ ಪೆಟ್ಟು ಬಿದ್ದರೆ ಒಡೆಯುವ ಸ್ವಭಾವ ಸ್ವಲ್ಪ ಹೆಚ್ಚು. 2618 ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಾಗುತ್ತದೆಯೇ ಹೊರತು ಸುಲಭವಾಗಿ ಸಿಡಿಯದು. ಆದರೆ ಹಿಗ್ಗುವುದು ಹೆಚ್ಚು, ಸವೆಯುವುದೂ ಹೆಚ್ಚು.

ಎಷ್ಟು ಹೆಚ್ಚು? ಉಷ್ಣತೆ ಒಂದು ಡಿಗ್ರಿ ಏರಿದರೆ ಒಂದು ಮೀಟರು ಉದ್ದದ ಎರಕದ ಕಬ್ಬಿಣ ಒಂದು ಮೀಟರಿನ ಹತ್ತು ಲಕ್ಷದ 11 ಭಾಗದಷ್ಟು ಹಿಗ್ಗುತ್ತದೆ. 4032 ಲೋಹ 19.4 ಭಾಗದಷ್ಟು, 2618 ಲೋಹ 22.3 ಭಾಗದಷ್ಟು. ಬೆಳಗ್ಗೆ 30 ಡಿಗ್ರಿಯಲ್ಲಿದ್ದ ನಮ್ಮ ಎಂಜಿನ್ನು ಓಡುತ್ತಿರುವಾಗ ಪಿಸ್ಟನ್ನಿನ ಕೆಳಗಿನ ಅಂಚು, ಸ್ಕರ್ಟ್ ಎಂದು ಕರೆಯುವ ಭಾಗ, 120 ಡಿಗ್ರಿಗೂ ಸ್ಲೀವಿನ ಗೋಡೆ 100 ಡಿಗ್ರಿಗೂ ಏರಿತೆಂದು ಭಾವಿಸೋಣ. 74 ಮಿ.ಮೀ. ವ್ಯಾಸದ 2618 ಪಿಸ್ಟನ್ನು 0.149 ಮಿ.ಮೀ. ಹಿಗ್ಗುತ್ತದೆ, 4032 ಪಿಸ್ಟನ್ನು 0.129, ಸ್ಲೀವು ಕೇವಲ 0.057. ಕಳೆದು ನೋಡಿದರೆ ಮೊದಲನೆಯದಕ್ಕೆ 0.092, ಎರಡನೆಯದಕ್ಕೆ 0.072 ಮಿ.ಮೀ. ಅಂತರ ಮುಚ್ಚಿಹೋಗುತ್ತದೆ. ನಮ್ಮ ತಲೆಗೂದಲಿನ ದಪ್ಪವೂ ಹೆಚ್ಚುಕಡಮೆ ಇಷ್ಟೇ.

ವಾಸ್ತವವಾಗಿ ಸ್ಕರ್ಟು ತೆಳುವಾಗಿದ್ದು ಸ್ವಲ್ಪ ಒಳಬಾಗಬಲ್ಲದು. ಆದಕಾರಣ ಪಿಸ್ಟನ್ನಿನ ತಯಾರಕರು ಪ್ರಯೋಗ ಮಾಡಿ ಹೇಳುವ ಅಂತರ ಈ ಲೆಕ್ಕಕ್ಕಿಂತ ಕಡಮೆಯಿರುವುದುಂಟು. ಆದರೆ ಎರಡು ಲೋಹಗಳ ನಡುವಣ ವ್ಯತ್ಯಾಸವನ್ನು ಯಾರೂ ಅಳಿಸಲಾರರು. ಹಳೆಯ ಎರಕದ ಪಿಸ್ಟನ್ನಿಗೆ ಕಾರ್ಖಾನೆಯವರು ಗೊತ್ತುಮಾಡಿದ ಅಂತರದಲ್ಲಿಯೇ 2618ರ ಪಿಸ್ಟನ್ನನ್ನು ಕೂಡಿಸಿದವನು ಕೈಯಾರೆ ಬೆಣೆ ಬಡಿದಂತೆ. ತಣ್ಣಗಿರುವಾಗ ಎಂಜಿನ್ನು ಚೊಕ್ಕಟವಾಗಿ ಸುತ್ತುತ್ತದೆ, ಮೆಚ್ಚಿಗೆಯೂ ಆಗುತ್ತದೆ. ಘಟ್ಟದಲ್ಲಿ ಎರಡನೆಯ ಗೇರಿನಲ್ಲಿ ಹತ್ತು ನಿಮಿಷ ಏರಿದಾಗ ಎಣ್ಣೆಯ ಪೊರೆ ಹರಿದು ಅಲ್ಯೂಮಿನಿಯಂ ಕಬ್ಬಿಣಕ್ಕೆ ಮೆತ್ತಿಕೊಳ್ಳುತ್ತದೆ. ಹೀಗೆ ಬಿಗಿದ ಪಿಸ್ಟನ್ನನ್ನು ಬಿಚ್ಚಿ ನೋಡಿದರೆ ಕಾರಣ ಅದರ ಮೈಮೇಲೆಯೇ ಬರೆದಿರುತ್ತದೆ. ಸ್ಕರ್ಟಿನ ಎರಡು ಎದುರುಬದಿರು ಮುಖಗಳ ನಡುವೆ ಉದ್ದುದ್ದ ಗೀರುಗಳಿದ್ದರೆ ಅಂತರ ಸಾಲದೆ ಹೋಯಿತೆಂದು ತಿಳಿಯಬೇಕು. ಪಿನ್ನಿನ ಅಕ್ಕಪಕ್ಕದ ನಾಲ್ಕು ಮೂಲೆಗಳಲ್ಲಿ ಗೀರುಗಳಿದ್ದರೆ ತಲೆಯ ಭಾಗ ಮಿತಿಮೀರಿ ಕಾಯಿತೆಂದು. ನುರಿತ ಮೆಕ್ಯಾನಿಕ್ಕರು ಇದನ್ನು ವೈದ್ಯರು ನಾಡಿ ನೋಡುವ ಹಾಗೆ ಓದುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: ಉರಿಯನ್ನು ಎದುರಿಸುವ ಪಿಸ್ಟನ್ನಿನ ತಲೆ ಸ್ಕರ್ಟಿಗಿಂತ ಎಷ್ಟೋ ಹೆಚ್ಚು ಕಾಯುತ್ತದಲ್ಲವೆ, ಅದು ಏಕೆ ಸಿಕ್ಕಿಕೊಳ್ಳುವುದಿಲ್ಲ? ತಲೆಯ ಅಂಚು 260 ಡಿಗ್ರಿಗೇರಿದರೆ ಅದರ ಹಿಗ್ಗು 0.38 ಮಿ.ಮೀ. ಆದುದರಿಂದಲೇ ತಲೆಯನ್ನು ಅಷ್ಟು ಚಿಕ್ಕದಾಗಿ ಕಡೆದಿರುತ್ತಾರೆ. ಪಿಸ್ಟನ್ನು ನೋಡುವುದಕ್ಕೆ ಡಬ್ಬಿಯಂತೆ ನೆಟ್ಟಗಿದ್ದರೂ ನಿಜವಾಗಿ ಅದು ಪೀಪಾಯಿಯಂತೆ ಉಬ್ಬಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಪೂರ್ತಿ ವೃತ್ತವೂ ಅಲ್ಲ, ಪಿನ್ನಿನ ದಿಕ್ಕಿನಲ್ಲಿ ಕೊಂಚ ಕಿರಿದಾದ ದೀರ್ಘವೃತ್ತ. ಬಿಸಿಯೇರಿದಾಗ ಮಾತ್ರ ಅದು ದುಂಡಗಾಗುತ್ತದೆ. ಹೀಗಾಗಿ ಪಿಸ್ಟನ್ನಿನ ವ್ಯಾಸವನ್ನು ಎಲ್ಲಿ ಬೇಕೆಂದರಲ್ಲಿ ಅಳೆಯಲಾಗದು. ತಯಾರಕರು ಸೂಚಿಸಿದ ಎತ್ತರದಲ್ಲಿ, ಪಿನ್ನಿಗೆ ಅಡ್ಡಲಾಗಿ ಅಳೆಯತಕ್ಕದ್ದು.

ಪಿಸ್ಟನ್ನಿನ ವಿಚಾರ ಇಷ್ಟಾದರೆ ಸ್ಲೀವಿನದು ಇದಕ್ಕಿಂತ ಸೂಕ್ಷ್ಮ. ಆದರೆ ತರುಣರು ಅದರ ಕಡೆ ಗಮನವನ್ನೇ ಕೊಡುವುದಿಲ್ಲ. ಸ್ಲೀವುಗಳಲ್ಲಿ ಎರಡು ಜಾತಿ. ಹೊರಮೈಗೆ ನೀರು ನೇರವಾಗಿ ತಾಗುವಂಥದು ತೇವದ ಸ್ಲೀವು. ಟ್ರಾಕ್ಟರು, ಲಾರಿ, ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಇದು ಸಾಮಾನ್ಯ. ಕೆಳಗೆ ರಬ್ಬರ್ ಉಂಗುರ, ಮೇಲೆ ಚಾಚಿಕೊಂಡ ಕಟ್ಟು ನೀರನ್ನು ತಡೆಯುತ್ತವೆ. ಸವೆದಾಗ ಕಿತ್ತು ಬೇರೆಯದನ್ನು ಹಾಕಬಹುದು. ಬ್ಲಾಕಿನ ಲೋಹದೊಳಕ್ಕೆ ಬಿಗಿಯಾಗಿ ಕುಳಿತು ನೀರನ್ನು ಮುಟ್ಟದಿರುವುದು ಒಣ ಸ್ಲೀವು. ನಮ್ಮ ಜಿಪ್ಸಿಯ ಹಳೆಯ ಸ್ಲೀವನ್ನು ಕೊರೆದು ತೆಗೆದು ಹೊಸದನ್ನು ಕೂಡಿಸುವಾಗ ನಮಗೆ ಬೇಕಾದುದು ಈ ಒಣ ಜಾತಿಯದು.

ಒಳ್ಳೆಯ ಸ್ಲೀವನ್ನು ಸುತ್ತುವ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನ ಒಳವ್ಯಾಸ 10 ಸೆಂಟಿಮೀಟರಿದ್ದು ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಕರಗಿದ ಕಬ್ಬಿಣ ಗುರುತ್ವದ 125 ಪಟ್ಟು ಬಲದಿಂದ ಗೋಡೆಗೆ ಒತ್ತಲ್ಪಡುತ್ತದೆ. ಮೊಸರು ಕಡೆಯುವಾಗ ಬೆಣ್ಣೆ ಬೇರ್ಪಡುವಂತೆ ಹಗುರವಾದ ಕಿಟ್ಟವೂ ಅನಿಲದ ಗುಳ್ಳೆಗಳೂ ಒಳಮೈಗೆ ಬಂದು ಸೇರುತ್ತವೆ. ಆ ಪದರವನ್ನು ಲೇತಿನಲ್ಲಿ ಕಡೆದುಹಾಕಿದರೆ ಉಳಿಯುವುದು ದಟ್ಟವಾದ ಶುದ್ಧ ಲೋಹ.

ಈಗ ಕೂಡಿಸುವ ವಿಚಾರ. ಹೊಸ ಸ್ಲೀವಿನ ಗೋಡೆ 3 ಮಿ.ಮೀ. ದಪ್ಪವಿದ್ದರೆ ಹೊರವ್ಯಾಸ 80 ಮಿ.ಮೀ. ಬ್ಲಾಕಿನಲ್ಲಿ ಅದಕ್ಕಿಂತ ಕೊಂಚ ಕಿರಿದಾದ ತೂತನ್ನು ಕೊರೆದು ಬಿಗಿಯಾಗಿ ಕೂಡಿಸಬೇಕು. ಎಷ್ಟು ಕಿರಿದು? ಕಬ್ಬಿಣದ ಬ್ಲಾಕಾಗಿದ್ದರೆ ಚಿಂತೆಯಿಲ್ಲ; ಬ್ಲಾಕೂ ಸ್ಲೀವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಹಳೆಯ ಜೀಪು, ಟ್ರಾಕ್ಟರುಗಳಲ್ಲಿ ಕೈ ಪಳಗಿದವರು ಅಲ್ಯೂಮಿನಿಯಂ ಬ್ಲಾಕಿಗೂ ಅದೇ ಅಳತೆಯನ್ನು ಬಳಸಿದರೆ ಕೆಲಸ ಕೆಡುತ್ತದೆ. ಎಂಜಿನ್ನು ಕಾಯ್ದಾಗ ಬ್ಲಾಕಿನ ಉಷ್ಣತೆ 60 ಡಿಗ್ರಿ ಏರಿತೆನ್ನಿ, 80 ಮಿ.ಮೀ. ತೂತು 0.101 ಮಿ.ಮೀ. ಅಗಲವಾಗುತ್ತದೆ. ಸ್ಲೀವು 70 ಡಿಗ್ರಿ ಏರಿಯೂ 0.062 ಮಾತ್ರ ಹಿಗ್ಗುತ್ತದೆ. ಎಂದರೆ ತಣ್ಣಗಿರುವಾಗ ಇದ್ದ ಬಿಗಿತದಲ್ಲಿ 0.04 ಮಿ.ಮೀ. ಕರಗಿಹೋಯಿತು. ಅಷ್ಟೇ ಬಿಗಿತದಲ್ಲಿ ಕೂಡಿಸಿದ್ದ ಸ್ಲೀವು ಈಗ ಸಡಿಲ! 0.08ರಲ್ಲಿ ಕೂಡಿಸಿದ್ದರೆ ಅರ್ಧವಾದರೂ ಉಳಿದಿರುತ್ತಿತ್ತು. ಇಷ್ಟು ಬಿಗಿಯಾದುದನ್ನು ಸುತ್ತಿಗೆಯಿಂದ ಬಡಿದು ಇಳಿಸಲಾಗದು, ಇಳಿಸಲೂಬಾರದು. ಬ್ಲಾಕನ್ನು ಒಲೆಯಲ್ಲಿ 150 ಡಿಗ್ರಿಗೆ ಕಾಯಿಸಿದರೆ ತೂತು 0.2 ಮಿ.ಮೀ. ತೆರೆದುಕೊಳ್ಳುತ್ತದೆ, ತಣ್ಣನೆಯ ಸ್ಲೀವು ಕೈಯಿಂದ ಬಿಟ್ಟರೆ ತಾನೇ ಇಳಿಯುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವಾಗ ನಮ್ಮ ಕಮ್ಮಾರರು ಪಟ್ಟಿಯನ್ನು ಬೆಂಕಿಯಲ್ಲಿಟ್ಟು ಹಿಗ್ಗಿಸುವುದನ್ನು ಖಾನಾಪುರದ ಕಡೆಯ ಹಳ್ಳಿಗಳವರಿಗೆ ವಿವರಿಸಬೇಕಾಗಿಲ್ಲ.

ಸ್ಲೀವು ಸಡಿಲವಾದರೆ ಆಗುವ ಅನರ್ಥವೇನು? ಅದು ಅಲುಗಾಡುವುದು, ಕೆಳಗಿಳಿಯುವುದು ಒಂದು. ಆದರೆ ಶಾಖದ ದೃಷ್ಟಿಯಿಂದ ಆಗುವ ಹಾನಿ ಅದಕ್ಕಿಂತ ಗಂಭೀರ. ಎರಕದ ಕಬ್ಬಿಣದ ಉಷ್ಣವಾಹಕತೆ ಸುಮಾರು 50, ಗಾಳಿಯದು 0.03. ಆದ್ದರಿಂದ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಗಾಳಿಯ ಪದರವು ಶಾಖಕ್ಕೆ ಒಡ್ಡುವ ತಡೆ 17 ಮಿ.ಮೀ. ದಪ್ಪದ ಕಬ್ಬಿಣದ ಗೋಡೆಗೆ ಸಮ! ಸ್ಲೀವಿನ ಗೋಡೆಯೇ 3 ಮಿ.ಮೀ. ಇರುವಾಗ ಈ ಕಾಣದ ಗಾಳಿ ಅದರ ಐದಾರು ಪಟ್ಟು ತಡೆಯನ್ನೊಡ್ಡುತ್ತದೆ. ಅಲ್ಲಲ್ಲಿ ಲೋಹಕ್ಕೆ ಲೋಹ ತಾಗಿಕೊಂಡಿರುವುದರಿಂದ ಪರಿಣಾಮ ಇಷ್ಟು ತೀವ್ರವಾಗಲಿಕ್ಕಿಲ್ಲ. ಆದರೂ ಪಿಸ್ಟನ್ನಿನ ಶಾಖ ಹೊರಹೋಗುವ ಮುಖ್ಯ ದಾರಿ ಉಂಗುರಗಳಿಂದ ಸ್ಲೀವಿಗೆ, ಸ್ಲೀವಿನಿಂದ ಬ್ಲಾಕಿಗೆ, ಅಲ್ಲಿಂದ ನೀರಿಗೆ. ಆ ದಾರಿಗೆ ಬೇಲಿ ಬಿದ್ದರೆ ಪಿಸ್ಟನ್ನು ಮತ್ತಷ್ಟು ಕಾಯುತ್ತದೆ, ಮತ್ತಷ್ಟು ಹಿಗ್ಗುತ್ತದೆ. ಹಿಂದೆ ಜಾಗರೂಕತೆಯಿಂದ ಲೆಕ್ಕ ಹಾಕಿದ ಅಂತರ ವ್ಯರ್ಥವಾಗುತ್ತದೆ. ಪಿಸ್ಟನ್ನು ಬಿಗಿಯಿತೆಂದು ಅದನ್ನು ಮಾರಿದವನನ್ನು ಬಯ್ಯುವವರು ಎಷ್ಟೋ ಸಲ ಸ್ಲೀವು ಕೂಡಿಸಿದ ರೀತಿಯನ್ನು ಪರೀಕ್ಷಿಸುವುದೇ ಇಲ್ಲ.

ಬೋರನ್ನು ದೊಡ್ಡದು ಮಾಡಿಸುವ ಹುಚ್ಚಿನ ಬಗ್ಗೆಯೂ ಎರಡು ಮಾತು. 74 ಮಿ.ಮೀ. ಬೋರನ್ನು 75 ಮಾಡಿದರೆ ಎಂಜಿನ್ನಿನ ಗಾತ್ರ ಶೇಕಡ 2.7 ಮಾತ್ರ ಹೆಚ್ಚುತ್ತದೆ: 1298 ಇದ್ದದ್ದು 1333ರ ಆಸುಪಾಸಿಗೆ. ಇಷ್ಟಕ್ಕಾಗಿ ಸ್ಲೀವಿನ ಗೋಡೆಯಿಂದ ಅರ್ಧ ಮಿಲಿಮೀಟರನ್ನು ಕಳೆದುಕೊಳ್ಳುತ್ತೇವೆ. ಗೋಡೆಯ ಮೇಲಿನ ಎಳೆತವನ್ನು ಲೆಕ್ಕ ಹಾಕುವ ಸೂತ್ರ ಸುಲಭ: ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿ. 60 ವಾಯುಮಂಡಲದ ಒತ್ತಡದಲ್ಲಿ 3 ಮಿ.ಮೀ. ಗೋಡೆಯ ಮೇಲೆ ಚದರ ಮಿಲಿಮೀಟರಿಗೆ 74 ನ್ಯೂಟನ್. ಟರ್ಬೊ ಹಾಕಿ ಒತ್ತಡ 100ಕ್ಕೇರಿದರೆ 123. ಗೋಡೆ ಅರ್ಧವಾದರೆ ಇದರ ಇಮ್ಮಡಿ, ಸುಮಾರು 247. ಬೂದು ಎರಕದ ಕಬ್ಬಿಣ ಹರಿಯುವುದು 200ರಿಂದ 250ರ ಸುಮಾರಿನಲ್ಲಿ. ಬ್ಲಾಕು ಹಿಂದಿನಿಂದ ಆತುಕೊಂಡಿರುವುದರಿಂದ ಒಡನೆಯೇ ಒಡೆಯದಿರಬಹುದು. ಆ ಆಸರೆಯನ್ನು ನಂಬಿ ಗೋಡೆಯನ್ನು ತೆಳುಮಾಡುವುದು ವಿವೇಕವಲ್ಲ. ಟರ್ಬೊ ಹಾಕಲೇಬೇಕೆನ್ನುವವರು ಡಕ್ಟೈಲ್ ಕಬ್ಬಿಣದ ಸ್ಲೀವನ್ನು ಆರಿಸಲಿ. ಅದರಲ್ಲಿ ಗ್ರಾಫೈಟು ಪದರಗಳಾಗಿರದೆ ಗುಂಡುಗಳಾಗಿರುವುದರಿಂದ ಬಿರುಕು ಓಡಲು ದಾರಿ ಸಿಕ್ಕದು, ಬಲವೂ ಬೂದು ಎರಕದ ಸುಮಾರು ಎರಡು ಪಟ್ಟು.

ಹಾಗಾದರೆ ಯಾವುದನ್ನು ಆರಿಸುವುದು? ದಿನವೂ ಕಾಲೇಜಿಗೆ ಓಡಾಡಿ ವಾರಕ್ಕೊಮ್ಮೆ ಘಟ್ಟ ಹತ್ತುವ ಗಾಡಿಗೆ ಕಾರ್ಖಾನೆಯ ಎರಕದ ಪಿಸ್ಟನ್ನೇ ಸಾಕೆಂದು ನನ್ನ ಅಭಿಪ್ರಾಯ. ಶಕ್ತಿಯನ್ನು ಸ್ವಲ್ಪ ಹೆಚ್ಚಿಸಿ, ಸುತ್ತುಗಳನ್ನು ಏರಿಸಿ ಓಡಿಸುವವರಿಗೆ 4032 ಲೋಹದ ಫೋರ್ಜ್ಡ್ ಪಿಸ್ಟನ್ನು, ಸುತ್ತುವ ಅಚ್ಚಿನಲ್ಲಿ ಮಾಡಿದ ಬೂದು ಎರಕದ ಒಣ ಸ್ಲೀವು ಒಪ್ಪುತ್ತವೆ. ಟರ್ಬೊ ಹಾಕಿ ಪಂದ್ಯದಲ್ಲಿ ಓಡಿಸುವವರಿಗೆ ಮಾತ್ರ 2618. ಅಂತಹ ಎಂಜಿನ್ನು ತಣ್ಣಗಿರುವಾಗ ಪಿಸ್ಟನ್ನು ಅತ್ತಿತ್ತ ಬಡಿಯುತ್ತ ಟಕಟಕ ಸದ್ದು ಮಾಡುತ್ತದೆ. ಕಾಯುವ ತನಕ ಅದನ್ನು ಜೋರಾಗಿ ಓಡಿಸುವಂತಿಲ್ಲ. ಆ ಸದ್ದನ್ನು ಕೇಳಲಾರದೆ ಅಂತರವನ್ನು ಕಡಮೆ ಮಾಡಿಸುವವರುಂಟು. ಸದ್ದು ನಿಲ್ಲುತ್ತದೆ, ಕೆಲವು ಕಾಲದ ಮೇಲೆ ಎಂಜಿನ್ನೂ.

ಕೆಲಸ ಮಾಡಿಸುವಾಗ ಒಂದು ಕ್ರಮವನ್ನು ಮರೆಯಬಾರದು. ಪಿಸ್ಟನ್ನುಗಳು ಕೈಗೆ ಬರುವ ಮೊದಲೇ ಬೋರ್ ಮಾಡಿಸಕೂಡದು. ನಾಲ್ಕನ್ನೂ ಮೈಕ್ರೋಮೀಟರಿನಿಂದ ಅಳೆದು, ಒಂದೊಂದಕ್ಕೆ ಒಂದೊಂದು ಸಿಲಿಂಡರನ್ನು ಗೊತ್ತುಮಾಡಿ, ಆ ಅಳತೆಗೆ ತಕ್ಕಂತೆ ಕೊನೆಯ ಹೋನಿಂಗ್ ಮಾಡಿಸಬೇಕು. ಹೋನಿಂಗ್ ಮಾಡುವಾಗ ಬ್ಲಾಕಿನ ಮೇಲೆ ದಪ್ಪನೆಯ ಉಕ್ಕಿನ ಫಲಕವೊಂದನ್ನು ಹೆಡ್ಡಿನ ಬೋಲ್ಟುಗಳಿಂದ ಬಿಗಿದಿದ್ದರೆ ಇನ್ನೂ ಒಳ್ಳೆಯದು. ಬೋಲ್ಟುಗಳ ಎಳೆತದಿಂದ ಸಿಲಿಂಡರು ಸೊಟ್ಟಗಾಗುವುದು ಆಗಲೇ ಗೊತ್ತಾಗಿ ಸರಿಹೋಗುತ್ತದೆ. ಅಳತೆಗಳೆಲ್ಲ 20 ಡಿಗ್ರಿ ಉಷ್ಣತೆಯನ್ನು ಆಧರಿಸಿದವು. ಏಪ್ರಿಲಿನ ಮಧ್ಯಾಹ್ನ 36 ಡಿಗ್ರಿಯಿರುವ ಶೆಡ್ಡಿನಲ್ಲಿ ಅಳೆದರೆ 2618ರ ಪಿಸ್ಟನ್ನಿಗೂ ಕಬ್ಬಿಣದ ಸ್ಲೀವಿಗೂ ನಡುವಣ ಅಂತರ 0.013 ಮಿ.ಮೀ. ಕಡಮೆ ತೋರುತ್ತದೆ. ಬ್ಲಾಕು ನೆರಳಿನಲ್ಲಿದ್ದು ಪಿಸ್ಟನ್ನು ಮಾತ್ರ ಬಿಸಿಲಲ್ಲಿ ನಿಂತ ಗಾಡಿಯಿಂದ ಅದೇ ತಾನೆ ಬಂದಿದ್ದು, ಎರಡಕ್ಕೂ 17 ಡಿಗ್ರಿಗಳ ವ್ಯತ್ಯಾಸವಿದ್ದರೆ ತಪ್ಪು 0.028ರವರೆಗೆ ಹೋಗುತ್ತದೆ. ಹಿಂದಿನ ರಾತ್ರಿಯೇ ಬ್ಲಾಕು, ಪಿಸ್ಟನ್ನು, ಮೈಕ್ರೋಮೀಟರುಗಳನ್ನು ಒಂದೇ ಕೋಣೆಯಲ್ಲಿಟ್ಟು, ಬೆಳಗ್ಗೆ ಬಿಸಿಲೇರುವ ಮುನ್ನ, ಪಿಸ್ಟನ್ನನ್ನು ಕೈಯಲ್ಲಿ ಹೆಚ್ಚು ಹೊತ್ತು ಹಿಡಿಯದೆ ಅಳೆಯತಕ್ಕದ್ದು.